ಹಳೆಯ ಶೈಲಿಯ ಕನ್ನಡ ಅಕ್ಷರವಿನ್ಯಾಸ: ವರ್ತಕರು ತಿಳಿದಿರಬೇಕಾದ ವಿಚಾರಗಳು

ಇತ್ತೀಚಿನ ವರ್ಷಗಳಲ್ಲಿ ಉಡುಪಿ, ಮಣಿಪಾಲ ಪರಿಸರದಲ್ಲಿ ಆರಂಭಗೊಳ್ಳುತ್ತಿರುವ ಉಪಾಹಾರ ಗೃಹ, ಬೇಕರಿ ಹಾಗೂ ಕೈಮಗ್ಗದ ಸೀರೆಯ ಮಳಿಗೆಗಳಲ್ಲಿ, ಉಪ್ಪಿನಕಾಯಿ-ಹಪ್ಪಳದ ಪೊಟ್ಟಣಗಳ ಮೇಲೆ, ಒಂದು ಸಮಾನ ಲಕ್ಷಣವು ಗೋಚರಿಸುತ್ತಿದೆ. ಅಂಗಡಿ ಹೊಸದು, ಫಲಕವೂ ಹೊಸದು. ಅಕ್ಷರ ಮಾತ್ರ ಐವತ್ತು ವರ್ಷಗಳ ಹಿಂದಿನದರಂತೆ ಕಾಣುತ್ತದೆ. ಕುಂಚದಿಂದ ಬರೆದಂತೆ ಒಂದೆಡೆ ದಪ್ಪ, ಇನ್ನೊಂದೆಡೆ ಸಪೂರವಾದ ಗೆರೆ, ಉಬ್ಬಿದ ಹೊಟ್ಟೆ, ಉದ್ದಕ್ಕೆ ಎಳೆದ ತಲೆಕಟ್ಟು. ಗ್ರಾಹಕನಿಗೆ ‘ಇದು ಹಳೆಯ ಮನೆತನದ ಅಂಗಡಿ’ ಎಂಬ ಭಾವನೆ ಮೂಡಲಿ ಎಂಬುದೇ ಇದರ ಉದ್ದೇಶ. ಈ ಪ್ರವೃತ್ತಿ ನಮ್ಮ ಜಿಲ್ಲೆಗೆ ಸೀಮಿತವಾದುದೂ ಅಲ್ಲ. ಬರ್ಗರ್ ಕಿಂಗ್‌ನಂತಹ ಬಹುರಾಷ್ಟ್ರೀಯ ಸಂಸ್ಥೆಯು 2021ರಲ್ಲಿ ತನ್ನ ಲಾಂಛನವನ್ನು ಹಳೆಯ ರೂಪಕ್ಕೆ ಹೊರಳಿಸಿ, ಅದಕ್ಕೆ ಹೊಂದುವ ದುಂಡನೆಯ ಅಕ್ಷರಗಳನ್ನು ಪ್ರತ್ಯೇಕವಾಗಿ ಮಾಡಿಸಿಕೊಂಡಿತು.

ಅಕ್ಷರದ ಸೌಂದರ್ಯವನ್ನು ವಿಮರ್ಶಿಸುವುದು ಲೆಕ್ಕ ಪರಿಶೋಧಕನ ಕೆಲಸವಲ್ಲ. ಆದರೆ ನಾಮಫಲಕ, ಲೇಬಲ್ ಮತ್ತು ಲಾಂಛನಕ್ಕೆಂದು ಪಾವತಿಯಾದ ಬಿಲ್ಲುಗಳು ಕೊನೆಗೆ ನಮ್ಮ ಮೇಜಿಗೇ ಬರುತ್ತವೆ. ಆ ಬಿಲ್ಲಿನಲ್ಲಿ ‘ಡಿಸೈನ್ ವೆಚ್ಚ’ ಎಂಬ ಎರಡು ಪದಗಳ ಹೊರತು ಬೇರೇನೂ ಇರುವುದಿಲ್ಲ. ಯಾವ ಫಾಂಟ್, ಯಾರ ಪರವಾನಗಿ, ಯಾರ ಹಕ್ಕು ಎಂದು ಕೇಳಿದರೆ ಉತ್ತರವಿಲ್ಲ. ಇನ್ನು ಮುಂದೆ ಈ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಳ್ಳುವುದು ಅಗತ್ಯ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕು, ಮತ್ತು ಅದು ಫಲಕದ ಮೇಲ್ಭಾಗದಲ್ಲಿರಬೇಕು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಹಾಗೂ ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂಬ ಅಂಶವೂ ಅಧಿನಿಯಮದಲ್ಲಿದೆ. ಅಂದರೆ, ನಿನ್ನೆಯವರೆಗೆ ಇಂಗ್ಲಿಷ್ ಲಾಂಛನದ ಕೆಳಗೆ ಮೂಲೆಯಲ್ಲಿ ಕುಳಿತಿದ್ದ ಕನ್ನಡ ಅಕ್ಷರವು ಈಗ ಸಂಸ್ಥೆಯ ಮುಖವೇ ಆಗಿದೆ.

ಕರಾವಳಿಯ ಅಚ್ಚಿನ ಹಿನ್ನೆಲೆ

ಹಳೆಯ ಶೈಲಿ ಎಂದಾಗ ನಮ್ಮವರು ಹೈದರಾಬಾದಿನ ಅಥವಾ ಮುಂಬಯಿಯ ಚಲನಚಿತ್ರ ಭಿತ್ತಿಪತ್ರಗಳನ್ನು ಮಾದರಿಯಾಗಿ ಇಟ್ಟುಕೊಳ್ಳುವುದುಂಟು. ವಾಸ್ತವವಾಗಿ ಕನ್ನಡ ಮುದ್ರಣದ ಒಂದು ಪ್ರಮುಖ ನೆಲೆ ನಮ್ಮ ಮಗ್ಗುಲಲ್ಲೇ ಇತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯವು 1841ರಲ್ಲಿ ಕಲ್ಲಚ್ಚಿನಿಂದ ಆರಂಭಗೊಂಡಿತು. ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಬಂದುದು ಇದೇ ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಕೈಬರಹವೇ ಮುದ್ರಣವಾಗುತ್ತದೆ. ಆದ್ದರಿಂದ ಆ ಪುಟಗಳ ಅಕ್ಷರಗಳಲ್ಲಿ ಬರೆಯುವವನ ಕೈಯ ಓಟ ಹಾಗೆಯೇ ಉಳಿದಿರುತ್ತದೆ. ಮುಂದೆ ಸೀಸದ ಅಚ್ಚುಮೊಳೆಗಳು ಬಂದವು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮುದ್ರಣಗೊಂಡುದು ಈ ಮೊಳೆಗಳಿಂದಲೇ. ಮುದ್ರಣಾಲಯದ ಹೊಣೆ ಹೊತ್ತಿದ್ದ ಜಾರ್ಜ್ ಪ್ಲೆಬ್‌ಸ್ಟ್ ಅವರೇ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದವರು ಎಂಬುದು ಉದ್ಯಮಿಗಳಾದ ನಮಗೆ ಸ್ವಾರಸ್ಯದ ಸಂಗತಿ. ಮಿಶನ್ನಿನ ಹೆಂಚಿನ ಕಾರ್ಖಾನೆ ಮುಂದೆ ನಮ್ಮ ಮಲ್ಪೆಗೂ ಬಂದಿತು. ಹೆಂಚಿನ ಬೆನ್ನ ಮೇಲೆ ಉಬ್ಬಿಸಿ ಒತ್ತುತ್ತಿದ್ದ ಸಂಸ್ಥೆಯ ಹೆಸರು ಕರಾವಳಿಯ ಅತಿ ಹಳೆಯ ಬ್ರಾಂಡ್ ಅಕ್ಷರಗಳ ಪೈಕಿ ಒಂದು. ಹಳೆಯ ಮನೆ ಕೆಡಹುವಾಗ ಅಂತಹ ಹೆಂಚು ಸಿಕ್ಕರೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಉಡುಪಿಯ ಮಟ್ಟಿಗೆ ಮುದ್ರಣೋದ್ಯಮದ ಬೆಳವಣಿಗೆ ಮಣಿಪಾಲದ್ದು. 1941ರಲ್ಲಿ ಸ್ಥಾಪನೆಯಾದ ಮಣಿಪಾಲ ಪವರ್ ಪ್ರೆಸ್, 1970ರಿಂದ ‘ಉದಯವಾಣಿ’ ಪತ್ರಿಕೆ, 1983ರಿಂದ ‘ತರಂಗ’ – ಇವು ಕರಾವಳಿಯ ಓದುಗರ ಕಣ್ಣಿಗೆ ಒಂದು ಅಕ್ಷರರೂಪವನ್ನು ರೂಢಿಸಿದವು. ಇದೇ ಸಮೂಹದ ಮುದ್ರಣ ಸಂಸ್ಥೆ ಬ್ಯಾಂಕುಗಳ ಚೆಕ್ಕುಗಳನ್ನೂ ಮುದ್ರಿಸುತ್ತದೆ. ಚೆಕ್ಕಿನ ಕೆಳಸಾಲಿನ ವಿಚಿತ್ರ ಅಂಕಿಗಳು ‘ಇ-13ಬಿ’ ಎಂಬ ವಿನ್ಯಾಸದವು. ಕಾಂತೀಯ ಶಾಯಿಯನ್ನು ಯಂತ್ರ ಓದಲೆಂದು 1950ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದುದು. ಹಳೆಯದಾದರೂ ಇನ್ನೂ ಚಲಾವಣೆಯಲ್ಲಿರುವ ಅಕ್ಷರವೆಂದರೆ ಅದೇ.

ಮೊಳೆಯಿಂದ ಗಣಕಕ್ಕೆ ಕನ್ನಡವನ್ನು ದಾಟಿಸಿದವರಲ್ಲಿ ಮಣಿಪಾಲದೊಡನೆ ನಿಕಟ ನಂಟಿರುವ, ಮೂಲತಃ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರ ಹೆಸರು ಮೊದಲಿಗೆ ಬರುತ್ತದೆ. ಮೊನೊಟೈಪ್ ಸಂಸ್ಥೆಯಲ್ಲಿ ಫೋಟೋ ಅಕ್ಷರಜೋಡಣೆಯ ಅನುಭವ ಪಡೆದಿದ್ದ ಅವರು ಧ್ವನಿಗೆ ಅನುಸಾರವಾಗಿ ಕನ್ನಡವನ್ನು ಬೆರಳಚ್ಚಿಸುವ ಕೀಲಿಮಣೆಯನ್ನು ರೂಪಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರನ್ನೇ ತಮ್ಮ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಇಟ್ಟರು. ಆ ಕೀಲಿಮಣೆಯ ವಿನ್ಯಾಸವೇ ಮುಂದೆ ರಾಜ್ಯ ಸರಕಾರದ ಅಂಗೀಕಾರ ಪಡೆಯಿತು. ಇಂದು ನಮ್ಮ ಅಂಗಡಿಯ ಗುಮಾಸ್ತರು ನುಡಿಯಲ್ಲಿ ಬಿಲ್ಲು ಬರೆಯುವಾಗ ಬಳಸುವುದು ಅದನ್ನೇ.

‘ಹಳೆಯದು’ ಎಂಬ ಭಾವ ಮೂಡುವುದೇಕೆ?

ಮೊಳೆಯಚ್ಚಿನ ಕಾಲದಲ್ಲಿ ಕನ್ನಡ ಪುಟವನ್ನು ಜೋಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಇಂಗ್ಲಿಷಿಗೆ ದೊಡ್ಡ-ಸಣ್ಣ ಅಕ್ಷರ, ಅಂಕಿ, ಚಿಹ್ನೆ ಸೇರಿ ನೂರರ ಆಸುಪಾಸಿನ ಮೊಳೆಗಳು ಸಾಕು. ಕನ್ನಡಕ್ಕೆ ‘ಕ’, ‘ಕಿ’, ‘ಕೆ’ ಎಂದು ಸ್ವರ ಸೇರಿದ ರೂಪಗಳು ಬೇರೆ, ಅಡಿಯ ಒತ್ತಕ್ಷರಗಳು ಬೇರೆ. ಒಟ್ಟು ನೂರಾರು ಮೊಳೆಗಳು ಬೇಕಾಗುತ್ತಿದ್ದವು. ಒತ್ತಕ್ಷರದ ಮೊಳೆಯನ್ನು ಪ್ರತ್ಯೇಕವಾಗಿ ಕೂರಿಸುವುದರಿಂದ ಅದು ಮೇಲಿನ ಅಕ್ಷರಕ್ಕಿಂತ ಸ್ವಲ್ಪ ಬಲಕ್ಕೆ ಸರಿದು, ಸಾಲಿನ ಕೆಳಗೆ ಜೋತುಬಿದ್ದಂತೆ ಕಾಣುತ್ತಿತ್ತು. ಅಚ್ಚಿನ ಒತ್ತಡಕ್ಕೆ ಶಾಯಿ ಹರಡಿ ಮೂಲೆಗಳು ದುಂಡಗಾಗುತ್ತಿದ್ದವು. ದೊಡ್ಡ ಶೀರ್ಷಿಕೆಗೆ ಮೊಳೆ ಇಲ್ಲದಿದ್ದಾಗ ಕಲಾವಿದರಿಂದ ಬರೆಸಿ ಬ್ಲಾಕ್ ಮಾಡಿಸುತ್ತಿದ್ದರು; ಯಕ್ಷಗಾನ ಹಾಗೂ ಕಂಬಳದ ಕರಪತ್ರಗಳಲ್ಲಿ, ಕಾದಂಬರಿಗಳ ಮುಖಪುಟಗಳಲ್ಲಿ ಕಾಣುವ ಅಕ್ಷರಗಳು ಈ ಬಗೆಯವು. ಅಂಗಡಿಯ ಫಲಕ ಬರೆಯುವವರದು ಇನ್ನೊಂದು ಪರಂಪರೆ. ಹೀಗೆ ದೋಷ, ಮಿತಿ ಮತ್ತು ಕೈಚಳಕಗಳು ಸೇರಿ ಆದ ರೂಪವನ್ನೇ ಈಗಿನ ವಿನ್ಯಾಸಕಾರರು ಉದ್ದೇಶಪೂರ್ವಕವಾಗಿ ಪುನಃ ಸೃಷ್ಟಿಸುತ್ತಿದ್ದಾರೆ.

ಇದರಲ್ಲಿ ಎರಡು ದಾರಿಗಳಿವೆ. ಒಂದು, ಮೊಳೆಯಚ್ಚಿನ ಪುಸ್ತಕದಂತಹ ಗಂಭೀರ ಅಕ್ಷರ. ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯವು ತನ್ನ ಮೂರ್ತಿ ಅಭಿಜಾತ ಗ್ರಂಥಮಾಲೆಗೆ ಮಾಡಿಸಿದ ಅಕ್ಷರಗಳನ್ನು ಆಧರಿಸಿದ ‘ತೀರೊ ಕನ್ನಡ’ ಈ ಬಗೆಯದು. ಓದುವ ಪಠ್ಯಕ್ಕೆ, ಆಮಂತ್ರಣ ಪತ್ರಿಕೆಗೆ, ಕ್ಯಾಟಲಾಗಿಗೆ ಯೋಗ್ಯ. ಇನ್ನೊಂದು, ಶೀರ್ಷಿಕೆಗಷ್ಟೇ ಸಲ್ಲುವ ಕೈಬರಹದ ಛಾಯೆಯ ಅಕ್ಷರ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯ ಕನಡಕ’ ಇದಕ್ಕೆ ಉದಾಹರಣೆ. ಇದರ ಜೊತೆಗೇ ತೆಲುಗಿನ ರೂಪವೂ ಇದೆ, ಇಂಗ್ಲಿಷ್ ಅಕ್ಷರಗಳೂ ಹೊಂದಿಕೊಂಡಿವೆ. ಏಕ್ ಟೈಪ್ ಸಂಸ್ಥೆಯ ದುಂಡನೆಯ ‘ಬಲೂ ತಮ್ಮ’ ಈ ಎರಡೂ ಅಲ್ಲದಿದ್ದರೂ ಪೊಟ್ಟಣಗಳ ಮೇಲೆ ಧಾರಾಳವಾಗಿ ಬಳಕೆಯಲ್ಲಿದೆ. ಈ ಮೂರೂ ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಉಚಿತವಾಗಿ ದೊರೆಯುತ್ತವೆ.

ನನ್ನ ಅಭಿಪ್ರಾಯದಲ್ಲಿ ಎಲ್ಲ ವ್ಯಾಪಾರಕ್ಕೂ ಹಳೆಯ ಅಕ್ಷರ ಒಪ್ಪುವುದಿಲ್ಲ. ಶಂಕರಪುರದ ಮಲ್ಲಿಗೆ, ಮಟ್ಟುಗುಳ್ಳ, ಉಡುಪಿ ಸೀರೆ – ಭೌಗೋಳಿಕ ಸೂಚಕದ ನೋಂದಣಿ ಪಡೆದ ಇಂತಹ ವಸ್ತುಗಳಿಗೆ ಅದು ಸಹಜವಾಗಿ ಹೊಂದುತ್ತದೆ; ಪರಂಪರೆ ನಿಜವಾಗಿಯೂ ಅಲ್ಲಿದೆ. ಕಾರ್ಕಳದ ಗೇರುಬೀಜದ ಡಬ್ಬಿಗೂ ಒಪ್ಪೀತು. ವೈದ್ಯಕೀಯ ಪ್ರಯೋಗಾಲಯಕ್ಕೋ ಮೊಬೈಲ್ ದುರಸ್ತಿಯ ಅಂಗಡಿಗೋ ಅದೇ ಅಕ್ಷರ ಹಾಕಿಸಿದರೆ ಗ್ರಾಹಕನಿಗೆ ಸಂಶಯವೇ ಹೆಚ್ಚಬಹುದು.

ಮುದ್ರಣಕ್ಕೂ ಗಣಕಕ್ಕೂ ಒಂದೇ ಅಕ್ಷರ

ಯೂನಿಕೋಡ್ ಬರುವ ಮುನ್ನ ಪ್ರತಿಯೊಂದು ಕನ್ನಡ ತಂತ್ರಾಂಶವೂ ತನ್ನದೇ ಸಂಕೇತಗಳನ್ನು ಬಳಸುತ್ತಿತ್ತು. ಶ್ರೀಲಿಪಿಯಲ್ಲಿ ಜೋಡಿಸಿದ ಲೇಬಲ್ ಕಡತವನ್ನು ಬೇರೆ ಗಣಕದಲ್ಲಿ ತೆರೆದರೆ ಅರ್ಥಹೀನ ಚಿಹ್ನೆಗಳು ಕಾಣುವುದು ಇದೇ ಕಾರಣದಿಂದ. ಹಲವು ಮುದ್ರಣಾಲಯಗಳಲ್ಲಿ ಆ ಹಳೆಯ ಫಾಂಟುಗಳು ಇನ್ನೂ ಬಳಕೆಯಲ್ಲಿವೆ, ಮತ್ತು ಅಚ್ಚಿನ ಮಟ್ಟಿಗೆ ಕೆಲಸ ಕೆಡುವುದೂ ಇಲ್ಲ. ಆದರೆ ಅದೇ ಹೆಸರು ಜಾಲತಾಣದಲ್ಲಿ, ವಾಟ್ಸಾಪ್ ಕ್ಯಾಟಲಾಗಿನಲ್ಲಿ ಬರಬೇಕಾದರೆ, ಗ್ರಾಹಕ ಹುಡುಕಿದಾಗ ಸಿಗಬೇಕಾದರೆ ಯೂನಿಕೋಡ್ ಫಾಂಟೇ ಆಗಬೇಕು. ವಿನ್ಯಾಸಕಾರರಿಗೆ ಕೆಲಸ ಒಪ್ಪಿಸುವಾಗ ಈ ಒಂದು ಷರತ್ತನ್ನು ಬರವಣಿಗೆಯಲ್ಲಿ ಕೊಡುವುದು ಸೂಕ್ತ.

ಫಾಂಟನ್ನು ಆಯ್ಕೆ ಮಾಡುವ ಮುನ್ನ ಅದರ ಪರೀಕ್ಷೆಗೆ ನಮ್ಮ ಊರಿನ ಹೆಸರುಗಳೇ ಸಾಕು. ‘ಕಾರ್ಕಳ’ದಲ್ಲಿ ಅರ್ಕಾವೊತ್ತು ಇದೆ, ಅದು ಸರಿಯಾದ ಸ್ಥಳದಲ್ಲಿ ಕೂರುವುದೋ ನೋಡಬೇಕು. ‘ಶ್ರೀ ಕೃಷ್ಣ’ದಲ್ಲಿ ರಕಾರದ ಒತ್ತು, ಋಕಾರ ಮತ್ತು ಣಕಾರದ ಒತ್ತು ಮೂರೂ ಇವೆ. ‘ಸ್ತ್ರೀ’ ಎಂದು ಬರೆದರೆ ಎರಡು ಒತ್ತುಗಳು ಒಂದರ ಮೇಲೊಂದು ಏರುತ್ತವೆಯೋ ಗೊತ್ತಾಗುತ್ತದೆ. ‘ಕಾಪು’, ‘ಉಡುಪಿ’ಯಲ್ಲಿ ‘ಪು’, ‘ಡು’ಗಳ ಕೊಂಬು ಮುಂದಿನ ಅಕ್ಷರಕ್ಕೆ ತಾಗಬಾರದು. ತುಳು ಹೆಸರಿಟ್ಟವರು ಪದಾಂತ್ಯದ ಅರ್ಧ ಉಕಾರವನ್ನು ಸೂಚಿಸುವ ಚಿಹ್ನೆಯನ್ನೂ ಪರಿಶೀಲಿಸಬೇಕು. ತುಳು-ತಿಗಳಾರಿ ಲಿಪಿಯು 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೆಯ ಆವೃತ್ತಿಗೆ ಸೇರಿದೆ. ಅಲಂಕಾರಕ್ಕಾಗಿ ಆ ಲಿಪಿಯಲ್ಲಿ ಹೆಸರು ಬರೆಸುವವರು ಇನ್ನು ಚಿತ್ರವಾಗಿಯಲ್ಲದೆ ಅಕ್ಷರವಾಗಿಯೂ ಬರೆಸಬಹುದು, ಆದರೆ ಅದು ನಾಮಫಲಕದ ಕನ್ನಡ ಪ್ರಮಾಣಕ್ಕೆ ಪರ್ಯಾಯವಾಗದು.

ಪೊಟ್ಟಣದ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು ಗರಿಷ್ಠ ಮಾರಾಟ ಬೆಲೆ, ನಿವ್ವಳ ತೂಕ ಮುಂತಾದ ಘೋಷಣೆಗಳಿಗೆ ಅಕ್ಷರದ ಕನಿಷ್ಠ ಎತ್ತರವನ್ನು ವಿಧಿಸಿವೆ. ಅಗಲವು ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಇರಬಾರದು. ಹಿನ್ನೆಲೆಗೆ ಎದ್ದು ಕಾಣುವ ಬಣ್ಣವಿರಬೇಕು. ಈ ಘೋಷಣೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಕನ್ನಡವನ್ನು ಹೆಚ್ಚುವರಿಯಾಗಿ ಸೇರಿಸಬಹುದು. ಕಂದು ಕಾಗದದ ಮೇಲೆ ಮಸುಕು ಕೆಂಪಿನ ಅಲಂಕಾರಿಕ ಅಂಕಿ ನೋಡಲು ಚಂದ, ತಪಾಸಣೆಯಲ್ಲಿ ಮಾತ್ರ ತೊಂದರೆ. ಹಳೆಯ ಶೈಲಿಯನ್ನು ಹೆಸರಿಗೆ ಮೀಸಲಿಟ್ಟು, ಘೋಷಣೆಗಳನ್ನು ಸರಳ ಅಕ್ಷರದಲ್ಲಿಡುವುದೇ ಕ್ಷೇಮ.

ರೂಪ ಯಾರದು, ಕಡತ ಯಾರದು?

ಈ ಲೇಖನದ ಮುಖ್ಯ ವಿಷಯ ಇದು. ಅಕ್ಷರದ ರೂಪ ಮತ್ತು ಫಾಂಟ್ ಕಡತ ಕಾನೂನಿನ ದೃಷ್ಟಿಯಲ್ಲಿ ಒಂದೇ ಅಲ್ಲ. ‘ಆನಂದ ಎಕ್ಸ್‌ಪಾಂಡೆಡ್ ಇಟಾಲಿಕ್ಸ್’ ಎಂಬ ಅಕ್ಷರವಿನ್ಯಾಸವನ್ನು ಕಲಾಕೃತಿಯೆಂದು ನೋಂದಾಯಿಸಲು ಆಗಿನ ಕೃತಿಸ್ವಾಮ್ಯ ಮಂಡಳಿಯು 2002ರಲ್ಲಿ ನಿರಾಕರಿಸಿತು. ಅಕ್ಷರರೂಪಕ್ಕೆ ರಕ್ಷಣೆ ಬೇಕಾದವರು 2000ದ ವಿನ್ಯಾಸ ಅಧಿನಿಯಮದಡಿ ನೋಂದಣಿಗೆ ಹೋಗಬಹುದು. ಅದರ ಅವಧಿ 10 ವರ್ಷ, ಮತ್ತೆ 5 ವರ್ಷ ವಿಸ್ತರಣೆ. ಆದರೆ ಫಾಂಟ್ ಕಡತವು ಗಣಕ ತಂತ್ರಾಂಶ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಅದು ‘ಸಾಹಿತ್ಯ ಕೃತಿ’ಯ ವ್ಯಾಪ್ತಿಗೆ ಬರುತ್ತದೆ. ತಂತ್ರಾಂಶದ ಅನಧಿಕೃತ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸುವವರಿಗೆ ಕಲಂ 63ಬಿ ಪ್ರಕಾರ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡ ವಿಧಿಸಬಹುದು. ವ್ಯಾಪಾರದ ಉದ್ದೇಶಕ್ಕೆ ಬಳಸದವರಿಗಷ್ಟೇ ನ್ಯಾಯಾಲಯ ರಿಯಾಯಿತಿ ತೋರಬಹುದು. ನಮಗೆ ಆ ರಿಯಾಯಿತಿ ಇಲ್ಲ.

ಆದ್ದರಿಂದ ಹಳೆಯ ಫಲಕವೊಂದರ ಶೈಲಿಯನ್ನು ಅನುಸರಿಸಿ ಕಲಾವಿದರು ಹೊಸದಾಗಿ ಕೈಯಿಂದ ಬರೆದುಕೊಟ್ಟರೆ ಸಾಮಾನ್ಯವಾಗಿ ಆಕ್ಷೇಪವಿರದು. ಯಾರದೋ ಪೆನ್‌ಡ್ರೈವಿನಿಂದ ಬಂದ ಫಾಂಟ್ ಕಡತ ಬಳಸಿದರೆ ಅಪಾಯವಿದೆ. ಕಿಟ್ಟೆಲ್ ನಿಘಂಟಿನಂತಹ ಶತಮಾನದ ಹಿಂದಿನ ಪುಸ್ತಕದ ಅಕ್ಷರಗಳನ್ನು ಮಾದರಿಯಾಗಿ ತೆಗೆದುಕೊಳ್ಳಲು ಅಡ್ಡಿಯಿಲ್ಲ, ಕೃತಿಸ್ವಾಮ್ಯದ ಅವಧಿ ಎಂದೋ ಮುಗಿದಿದೆ. 1970ರ ದಶಕದ ಕಾದಂಬರಿಯ ಮುಖಪುಟದ ಶೀರ್ಷಿಕೆಯನ್ನು ಹಾಗೆಯೇ ನಕಲು ಮಾಡುವುದು ಬೇರೆ ವಿಚಾರ. ಕಲಾವಿದರ ಮರಣಾನಂತರ 60 ವರ್ಷಗಳವರೆಗೆ ಅವರ ಚಿತ್ರಕ್ಕೆ ಹಕ್ಕು ಇರುತ್ತದೆ.

ಮೇಲೆ ಹೇಳಿದ ಗೂಗಲ್ ಸಂಗ್ರಹದ ಫಾಂಟುಗಳು ‘ಎಸ್‌ಐಎಲ್ ಮುಕ್ತ ಫಾಂಟ್ ಪರವಾನಗಿ’ಗೆ ಒಳಪಟ್ಟಿವೆ. ಲಾಂಛನ, ಪೊಟ್ಟಣ, ಜಾಲತಾಣ, ಫಲಕ – ಎಲ್ಲಕ್ಕೂ ಶುಲ್ಕವಿಲ್ಲದೆ ಬಳಸಬಹುದು. ಫಾಂಟನ್ನೇ ಪ್ರತ್ಯೇಕ ಸರಕಾಗಿ ಮಾರುವಂತಿಲ್ಲ, ಅಷ್ಟೆ. ಹಣ ಕೊಟ್ಟು ಕೊಳ್ಳುವ ಫಾಂಟುಗಳಲ್ಲಿ ಪರವಾನಗಿಯು ಎಷ್ಟು ಗಣಕಗಳಿಗೆ, ಮುದ್ರಣಕ್ಕೆ ಮಾತ್ರವೇ ಜಾಲತಾಣಕ್ಕೂ ಇದೆಯೇ, ಮೊಬೈಲ್ ಆ್ಯಪ್‌ಗೆ ಸಲ್ಲುತ್ತದೆಯೇ ಎಂಬುದನ್ನು ಓದಬೇಕು. ಪರವಾನಗಿ ಡಿಸೈನ್ ಮಾಡಿದವರ ಹೆಸರಿನಲ್ಲಿದ್ದು ನೀವು ಜಾಲತಾಣದಲ್ಲಿ ಬಳಸುತ್ತಿದ್ದರೆ ಅದು ನಿಮಗೆ ಅನ್ವಯಿಸದಿರಬಹುದು.

ಹೇಳಿ ಮಾಡಿಸಿದ ಅಕ್ಷರಗಳ ವಿಷಯದಲ್ಲಿ ಬಹುತೇಕ ವರ್ತಕ ಬಾಂಧವರ ತಿಳಿವಳಿಕೆ ಹೀಗಿದೆ: ‘ಹಣ ಕೊಟ್ಟಿದ್ದೇವೆ, ಆದ್ದರಿಂದ ನಮ್ಮದು.’ ಕಾನೂನು ಹಾಗೆ ಹೇಳುವುದಿಲ್ಲ. ನಿಮ್ಮ ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ರಚಿಸಿದ್ದರೆ ಹಕ್ಕು ನಿಮ್ಮದು. ಹೊರಗಿನ ವಿನ್ಯಾಸಕಾರರಿಂದ ಮಾಡಿಸಿದ್ದರೆ ಲಿಖಿತ ಹಸ್ತಾಂತರ ಇಲ್ಲದ ಹೊರತು ಹಕ್ಕು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಹಸ್ತಾಂತರ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಲಂ 19ರ ಪ್ರಕಾರ ಅದು 5 ವರ್ಷ ಮಾತ್ರ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಕೊಲ್ಲಿ ದೇಶಗಳಿಗೆ ಗೇರುಬೀಜ, ಉಪ್ಪಿನಕಾಯಿ ರಫ್ತು ಮಾಡುವವರಿಗೆ ಈ ಎರಡನೆಯ ಅಂಶ ಅತಿ ಮುಖ್ಯ. ಒಂದು ಪುಟದ ಒಪ್ಪಂದದಲ್ಲಿ ಕೃತಿಯ ವಿವರ, ಪೂರ್ಣ ಅವಧಿ, ಸಮಸ್ತ ಜಗತ್ತು, ಪ್ರತಿಫಲದ ಮೊತ್ತ ಮತ್ತು ವಿನ್ಯಾಸಕಾರರ ಸಹಿ ಇರಲಿ. ಜೊತೆಗೆ ಮೂಲ ಕಡತಗಳನ್ನೂ ಪಡೆದಿಡಿ.

ಲೆಕ್ಕಪತ್ರದಲ್ಲಿ

ಮೊತ್ತ ಚಿಕ್ಕದಾಗಿದ್ದು ಒಂದು ವರ್ಷದ ಪರವಾನಗಿಯಾದರೆ ಅದನ್ನು ಆಯಾ ವರ್ಷದ ಖರ್ಚಿಗೆ ಹಾಕಬಹುದು. ಶಾಶ್ವತ ಪರವಾನಗಿಯೋ ಹೇಳಿ ಮಾಡಿಸಿದ ಅಕ್ಷರವೋ ಆದರೆ ಅದು ಅಮೂರ್ತ ಆಸ್ತಿ. ಆದಾಯ ತೆರಿಗೆಯಲ್ಲಿ ಕೃತಿಸ್ವಾಮ್ಯ, ಪರವಾನಗಿಗಳಿಗೆ ಸವಕಳಿ ಶೇಕಡಾ 25. ಗಣಕ ತಂತ್ರಾಂಶಕ್ಕೆ ಶೇಕಡಾ 40. ಫಾಂಟ್ ಯಾವುದರಲ್ಲಿ ಬರುತ್ತದೆ? ಕಡತವನ್ನಷ್ಟೇ ಕೊಂಡು ಗಣಕದಲ್ಲಿ ಬಳಸುವವರು ತಂತ್ರಾಂಶವೆಂದು ವಾದಿಸಬಹುದು. ಅಕ್ಷರದ ಹಕ್ಕನ್ನೇ ಪಡೆದವರಿಗೆ ಶೇಕಡಾ 25ರ ದರವೇ ಸರಿಯೆಂದು ನನ್ನ ಅಭಿಪ್ರಾಯ. ಬಿಲ್ಲಿನ ಒಕ್ಕಣೆ ಇದನ್ನು ನಿರ್ಧರಿಸುವುದರಿಂದ ‘ಡಿಸೈನ್ ವೆಚ್ಚ’ ಎಂದಷ್ಟೇ ಬರೆದ ಬಿಲ್ಲನ್ನು ಸ್ವೀಕರಿಸಬಾರದು.

ನಿವಾಸಿ ವಿನ್ಯಾಸಕಾರರಿಗೆ ಹಕ್ಕಿನ ಬಾಬ್ತು ರಾಯಧನ ಪಾವತಿಸುವಾಗ ವರ್ಷದ ಮೊತ್ತ 50,000 ರೂಪಾಯಿ ಮೀರಿದರೆ (2025ರ ಏಪ್ರಿಲ್ 1ಕ್ಕೆ ಮುನ್ನ ಈ ಮಿತಿ 30,000 ಇತ್ತು) ಶೇಕಡಾ 10ರಂತೆ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕಾಗುತ್ತದೆ. ವೈಯಕ್ತಿಕ ಮಾಲಿಕತ್ವದ ವ್ಯಾಪಾರಿಗಳಿಗೆ ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರಿದ್ದಲ್ಲಿ ಮಾತ್ರ ಇದು ಅನ್ವಯ. ವಿದೇಶಿ ಸಂಸ್ಥೆಯಿಂದ ಸಿದ್ಧ ಫಾಂಟ್ ಕೊಂಡರೆ ಏನು? ಅಂತಿಮ ಬಳಕೆದಾರ ಸಿದ್ಧ ತಂತ್ರಾಂಶಕ್ಕೆ ಕೊಡುವ ಹಣವು ದ್ವಿತೆರಿಗೆ ನಿವಾರಣಾ ಒಪ್ಪಂದಗಳ ಅರ್ಥದಲ್ಲಿ ರಾಯಧನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಎಂಜಿನಿಯರಿಂಗ್ ಅನಾಲಿಸಿಸ್ ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ತೀರ್ಪಿತ್ತಿದೆ. ಜಿಎಸ್‌ಟಿ ನೋಂದಾಯಿತರು ಮಾತ್ರ ಇಂತಹ ಖರೀದಿಗೆ ರಿವರ್ಸ್ ಚಾರ್ಜ್ ಆಧಾರದಲ್ಲಿ ತೆರಿಗೆ ಕಟ್ಟಿ, ಅರ್ಹರಾದಲ್ಲಿ ಹೂಡುವಳಿ ತೆರಿಗೆ ಜಮೆ ಪಡೆಯಬೇಕು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಆ ಜಮೆ ಇಲ್ಲ. ತೆರಿಗೆ ಪೂರ್ಣವಾಗಿ ವೆಚ್ಚವೇ.

ಇನ್ನು ಟ್ರೇಡ್ ಮಾರ್ಕ್. ಹಳೆಯ ಶೈಲಿಯಲ್ಲಿ ಬರೆಸಿದ ಹೆಸರನ್ನು ಚಿತ್ರರೂಪದ ಗುರುತಾಗಿಯೂ, ಅದೇ ಹೆಸರನ್ನು ಕೇವಲ ಪದದ ಗುರುತಾಗಿಯೂ ಪ್ರತ್ಯೇಕವಾಗಿ ನೋಂದಾಯಿಸಬಹುದು. ವ್ಯಕ್ತಿಗಳು, ಸ್ಟಾರ್ಟಪ್‌ಗಳು ಹಾಗೂ ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಯ ಶುಲ್ಕ ಪ್ರತಿ ವರ್ಗಕ್ಕೆ 4,500 ರೂಪಾಯಿ, ಇತರರಿಗೆ 9,000. ನೋಂದಣಿಯ ಅವಧಿ 10 ವರ್ಷ. ಸಣ್ಣ ಉದ್ಯಮದ ರಿಯಾಯಿತಿಗೆ ಉದ್ಯಮ್ ನೋಂದಣಿ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಎರಡಕ್ಕೂ ಶುಲ್ಕ ಭರಿಸುವುದು ಕಷ್ಟವಾದರೆ ಪದದ ಗುರುತಿಗೆ ಮೊದಲ ಆದ್ಯತೆ ಕೊಡಬೇಕು. ಮುಂದೆ ಅಕ್ಷರದ ಶೈಲಿಯನ್ನು ಬದಲಿಸಿದರೂ ಪದದ ನೋಂದಣಿ ಊರ್ಜಿತವಾಗಿರುತ್ತದೆ. ಚಿತ್ರರೂಪದ ಗುರುತಿಗಾದರೆ ಹೊಸ ಅಕ್ಷರದೊಂದಿಗೆ ಹೊಸ ಅರ್ಜಿಯನ್ನೇ ಸಲ್ಲಿಸಬೇಕಾಗುತ್ತದೆ.